ಅದ್ಭುತಕಥೆಯೂ ಅದರ ಪ್ರೇಕ್ಷಕನೂ

ಕಾದಂಬರಿಯೊಂದು ಚಲನಚಿತ್ರವಾಗಿ ತೆರೆಯ ಮೇಲೆ ಬಂದಾಗ, ಚಿತ್ರಮಂದಿರದಿಂದ ಹೊರಬರುವವರ ಬಾಯಲ್ಲಿ ಸಾಮಾನ್ಯವಾಗಿ ಒಂದು ಮಾತು ಕೇಳಿಬರುತ್ತದೆ: “ಪುಸ್ತಕದಲ್ಲಿ ಇದ್ದಂತೆ ಇಲ್ಲ.” ಈ ಮಾತನ್ನು ಕೆಲವರು ದೂರಾಗಿ ಹೇಳುತ್ತಾರೆ, ಕೆಲವರು ಮೆಚ್ಚುಗೆಯಾಗಿ ಹೇಳುತ್ತಾರೆ, ತಾವು ಪುಸ್ತಕವನ್ನು ಓದಿದ್ದೇವೆಂಬುದು ಪಕ್ಕದವರಿಗೆ ತಿಳಿಯಲಿ ಎಂದು ಹೇಳುವವರೂ ಉಂಟು. ಹೇಗೇ ಇರಲಿ, ಈ ಸಣ್ಣ ವಾಕ್ಯದ ಹಿಂದೆ ಸಾಹಿತ್ಯ ವಿಮರ್ಶೆಯ ದೊಡ್ಡದೊಂದು ಪ್ರಶ್ನೆ ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಭಾಷಣದ ಉದ್ದೇಶ.

ಕಥೆ ಸಾಮಾಜಿಕವಾದುದಾದರೆ ಪ್ರಶ್ನೆ ಅಷ್ಟು ತೊಡಕಿನದಲ್ಲ. ಅಲ್ಲಿ ಬರುವ ಮನೆ, ಬೀದಿ, ಕಚೇರಿ, ಮದುವೆ, ಜಗಳ ಎಲ್ಲವೂ ನಮಗೆ ಪರಿಚಿತವಾದವು. ತೆರೆಯ ಮೇಲಿನ ಮನೆಯನ್ನು ಪ್ರೇಕ್ಷಕನು ತನ್ನ ಊರಿನ ಮನೆಯೊಡನೆ ಹೋಲಿಸಿ, ಸರಿ ತಪ್ಪುಗಳನ್ನು ತೀರ್ಮಾನಿಸಬಲ್ಲ. ಅದ್ಭುತಕಥೆಯ ವಿಷಯ ಬೇರೆ. ಅದರ ಲೋಕ ಪುಸ್ತಕದ ಹಾಳೆಗಳಲ್ಲಿ ಬಿಟ್ಟರೆ ಓದುಗನ ಮನಸ್ಸಿನಲ್ಲಿ ಮಾತ್ರ ಇರುವಂಥದು. ಅದನ್ನು ಕಟ್ಟಿದವನು ಅರ್ಧ ಲೇಖಕ, ಇನ್ನರ್ಧ ಓದುಗನೇ. ಆದಕಾರಣ ಅಂಥ ಕಾದಂಬರಿ ಚಿತ್ರವಾದಾಗ ಓದುಗನಿಗೆ ತನ್ನ ಮನೆಯನ್ನೇ ಬೇರೆಯವರು ಬಂದು ಸಾರಣೆ ಕಾರಣೆ ಮಾಡಿದಂತೆ ತೋರುತ್ತದೆ. ಅದ್ಭುತ ಚಿತ್ರಗಳನ್ನು ಕುರಿತ ಅಭಿಪ್ರಾಯಗಳು ಇತರ ಚಿತ್ರಗಳನ್ನು ಕುರಿತವುಗಳಿಗಿಂತ ಹೆಚ್ಚು ಬಿರುಸಾಗಿರುವುದಕ್ಕೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ.

ಈ ಮಾತನ್ನು ಉದಾಹರಣೆಯಿಲ್ಲದೆ ಬೆಳೆಸಿದರೆ ಬರಿಯ ತತ್ತ್ವವಾಗಿ ಉಳಿದೀತು. ಆದ್ದರಿಂದ ಒಂದೇ ಒಂದು ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಅದು ಅಮೆರಿಕದಲ್ಲಿ 1939ರಲ್ಲಿ ತೆರೆಕಂಡ ‘ದಿ ವಿಜರ್ಡ್ ಆಫ್ ಓಜ್’. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಎಂಟು ದಶಕಗಳಿಗೂ ಹೆಚ್ಚು ಕಾಲ ಮೂರು ನಾಲ್ಕು ತಲೆಮಾರಿನ ಜನ ಈ ಚಿತ್ರವನ್ನು ನೋಡಿದ್ದಾರೆ, ಅಭಿಪ್ರಾಯ ಹೇಳಿದ್ದಾರೆ, ಹೇಳಿದ್ದನ್ನು ಬದಲಾಯಿಸಿಕೊಂಡಿದ್ದಾರೆ. ಅಭಿಪ್ರಾಯವೆಂಬುದು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಮೊದಲು ಮೂಲ ಕಾದಂಬರಿಯ ವಿಚಾರ. ಎಲ್. ಫ್ರಾಂಕ್ ಬಾಮ್ ಎಂಬ ಲೇಖಕ ಬರೆದು, ಡೆನ್‌ಸ್ಲೋ ಎಂಬ ಚಿತ್ರಕಾರ ಚಿತ್ರಗಳನ್ನು ಬರೆದ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ 1900ರಲ್ಲಿ ಷಿಕಾಗೋದಲ್ಲಿ ಪ್ರಕಟವಾಯಿತು. ಕ್ಯಾನ್ಸಸ್ ಎಂಬ ಬಯಲುಸೀಮೆಯಲ್ಲಿ ಡೊರೊತಿ ಎಂಬ ತಬ್ಬಲಿ ಹುಡುಗಿ ಹೆನ್ರಿ ಮಾವ, ಎಮ್ ಅತ್ತೆಯರ ಜೊತೆಯಲ್ಲಿ, ಟೋಟೋ ಎಂಬ ನಾಯಿಮರಿಯನ್ನು ಕಟ್ಟಿಕೊಂಡು ಬಾಳುತ್ತಿದ್ದಾಳೆ. ಅಲ್ಲಿಯ ನೆಲ ಬೂದಿಬಣ್ಣ, ಹುಲ್ಲು ಬೂದಿಬಣ್ಣ, ಮನೆ ಬೂದಿಬಣ್ಣ. ಬಿಸಿಲು ಗಾಳಿಗಳಿಗೆ ಸಿಕ್ಕಿ ಎಮ್ ಅತ್ತೆಯ ಕಣ್ಣು ಕೆನ್ನೆಗಳಲ್ಲಿಯೂ ಆ ಬೂದಿಬಣ್ಣವೇ ಇಳಿದಿದೆ. ಒಂದು ದಿನ ಸುಂಟರಗಾಳಿ ಬೀಸಿ ಮನೆಯನ್ನೇ ಎತ್ತಿಕೊಂಡು ಹೋಗಿ ಓಜ್ ಎಂಬ ನಾಡಿನಲ್ಲಿ ಇಳಿಸುತ್ತದೆ. ಮನೆಯ ಅಡಿಯಲ್ಲಿ ಸಿಕ್ಕಿ ದುಷ್ಟ ಮಾಟಗಾತಿಯೊಬ್ಬಳು ಸಾಯುತ್ತಾಳೆ. ಅವಳ ಬೆಳ್ಳಿಯ ಪಾದರಕ್ಷೆಗಳು ಡೊರೊತಿಗೆ ದೊರೆಯುತ್ತವೆ. ಊರಿಗೆ ಹಿಂದಿರುಗುವ ದಾರಿ ಹೇಳಬಲ್ಲವನು ಪಚ್ಚೆಯ ನಗರದ ಮಾಂತ್ರಿಕನೊಬ್ಬನೇ ಎಂದು ತಿಳಿದು ಅವಳು ಹೊರಡುತ್ತಾಳೆ. ದಾರಿಯಲ್ಲಿ ಮಿದುಳು ಬೇಕೆನ್ನುವ ಬೆದರುಬೊಂಬೆ, ಹೃದಯ ಬೇಕೆನ್ನುವ ತಗಡಿನ ಮನುಷ್ಯ, ಧೈರ್ಯ ಬೇಕೆನ್ನುವ ಸಿಂಹ ಜೊತೆಗೂಡುತ್ತಾರೆ. ಮಾಂತ್ರಿಕನು ಕೊನೆಗೆ ಬರಿಯ ಸೋಗಿನವನೆಂದು ಬಯಲಾಗುತ್ತದೆ. ಬೇಡಲು ಬಂದವರಲ್ಲಿ ಬೇಡಿದ ಗುಣ ಮೊದಲಿನಿಂದಲೂ ಇದ್ದಿತೆಂಬುದೂ ಬಯಲಾಗುತ್ತದೆ.

ಬಾಮ್ ತನ್ನ ಪುಸ್ತಕಕ್ಕೆ ಚಿಕ್ಕದೊಂದು ಮುನ್ನುಡಿ ಬರೆದಿದ್ದಾನೆ. ಹಳೆಯ ಕಾಲದ ಅಜ್ಜಿಕಥೆಗಳು ನೀತಿಬೋಧೆಗಾಗಿ ಮಕ್ಕಳನ್ನು ಭಯಪಡಿಸುತ್ತಿದ್ದವು. ತನ್ನ ಕಥೆಯಲ್ಲಿ ಬೆರಗು ಸಂತೋಷಗಳು ಮಾತ್ರ ಉಳಿದು, ಎದೆನೋವೂ ದುಃಸ್ವಪ್ನಗಳೂ ಇಲ್ಲದಂತಾಗಲಿ ಎಂಬುದು ಅಲ್ಲಿಯ ಮಾತಿನ ಸಾರಾಂಶ. ಈ ಮುನ್ನುಡಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಚಿತ್ರವನ್ನು ನೋಡಿದ ಮಕ್ಕಳಿಗೆ ಏನಾಯಿತೆಂಬುದನ್ನು ಮುಂದೆ ಹೇಳುವಾಗ ಇದರ ವಿಪರ್ಯಾಸ ತಿಳಿಯುತ್ತದೆ.

ಬಾಮ್ 1919ರಲ್ಲಿ ತೀರಿಕೊಂಡ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ 1937ರ ಕೊನೆಯಲ್ಲಿ ಬಿಡುಗಡೆಯಾಗಿ ಅಪಾರ ಯಶಸ್ಸು ಗಳಿಸಿದ ಮೇಲೆ, ಅದ್ಭುತಕಥೆಗೂ ಜನ ಬರುತ್ತಾರೆಂಬ ಧೈರ್ಯ ಇತರ ನಿರ್ಮಾಪಕರಿಗೆ ಬಂದಿತು. ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆ 1938ರಲ್ಲಿ ಓಜ್ ಕಾದಂಬರಿಯ ಹಕ್ಕನ್ನು ಕೊಂಡುಕೊಂಡಿತು. ನಿರ್ದೇಶಕನೆಂದು ತೆರೆಯ ಮೇಲೆ ಕಾಣುವ ಹೆಸರು ವಿಕ್ಟರ್ ಫ್ಲೆಮಿಂಗ್. ಆದರೆ ಕೆಲಸದ ನಡುವೆ ನಿರ್ದೇಶಕರು ಹಲವರು ಬದಲಾದರು. ಕ್ಯಾನ್ಸಸ್ ಭಾಗದ ದೃಶ್ಯಗಳನ್ನು ತೆಗೆದವನು ಕಿಂಗ್ ವಿಡಾರ್. ಡೊರೊತಿಯ ಪಾತ್ರ ವಹಿಸಿದ ಜೂಡಿ ಗಾರ್ಲೆಂಡ್‌ಗೆ ಚಿತ್ರೀಕರಣದ ವೇಳೆಗೆ ಹದಿನಾರು ವರ್ಷ.

ಚಿತ್ರದವರು ಕಥೆಯಲ್ಲಿ ಮಾಡಿದ ಬದಲಾವಣೆಗಳು ಅನೇಕ. ಅವುಗಳಲ್ಲಿ ನಾಲ್ಕನ್ನು ಮಾತ್ರ ಹೇಳುತ್ತೇನೆ. ಒಂದು, ಬೆಳ್ಳಿಯ ಪಾದರಕ್ಷೆಗಳು ಮಾಣಿಕ್ಯದ ಕೆಂಪು ಪಾದರಕ್ಷೆಗಳಾದವು. ಆಗ ಹೊಸದಾಗಿದ್ದ, ಬಹಳ ದುಬಾರಿಯಾದ ಟೆಕ್ನಿಕಲರ್ ವಿಧಾನದಲ್ಲಿ ಹಳದಿ ಇಟ್ಟಿಗೆಯ ರಸ್ತೆಯ ಮೇಲೆ ಕೆಂಪು ಎದ್ದು ಕಾಣುತ್ತದೆ, ಬೆಳ್ಳಿ ಕಾಣುವುದಿಲ್ಲ. ಎರಡು, ಕಾದಂಬರಿಯಲ್ಲಿ ಇಲ್ಲದ ಒಂದು ಹಂಬಲವನ್ನು ಡೊರೊತಿಗೆ ಕೊಟ್ಟರು. ಕಾಮನಬಿಲ್ಲಿನ ಆಚೆಗಿನ ನಾಡನ್ನು ಕುರಿತು ಅವಳು ಹಿತ್ತಲ ಅಂಗಳದಲ್ಲಿ ನಿಂತು ಹಾಡುತ್ತಾಳೆ. ಹಾರ್ಬರ್ಗ್ ಬರೆದು ಹ್ಯಾರೋಲ್ಡ್ ಆರ್ಲೆನ್ ರಾಗ ಹಾಕಿದ ಹಾಡು ಅದು. ಮೂರು, ಹೊಲದಲ್ಲಿ ಕೆಲಸ ಮಾಡುವ ಮೂವರು ಆಳುಗಳನ್ನೂ, ಟೋಟೋವನ್ನು ಕಿತ್ತುಕೊಂಡು ಹೋಗಲು ಬರುವ ಸಿಡುಕಿನ ಹೆಂಗಸೊಬ್ಬಳನ್ನೂ ಕ್ಯಾನ್ಸಸ್‌ನಲ್ಲಿ ಹೊಸದಾಗಿ ಸೃಷ್ಟಿಸಿದರು. ಅವರೇ ಓಜ್ ನಾಡಿನಲ್ಲಿ ಬೆದರುಬೊಂಬೆ, ತಗಡಿನ ಮನುಷ್ಯ, ಸಿಂಹ, ಮಾಟಗಾತಿಯರಾಗಿ ಕಾಣಿಸಿಕೊಳ್ಳುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಡೊರೊತಿ ಕಂಡದ್ದೆಲ್ಲವೂ ತಲೆಗೆ ಪೆಟ್ಟುಬಿದ್ದು ಮೂರ್ಛೆ ಹೋದಾಗ ಕಂಡ ಕನಸು ಎಂದು ಚಿತ್ರ ಮುಗಿಯುತ್ತದೆ.

ಇನ್ನು ಪ್ರೇಕ್ಷಕರ ಕಡೆಗೆ ಬರೋಣ. ಚಿತ್ರ ಬಿಡುಗಡೆಯಾಗುವ ಮುನ್ನವೇ ಕ್ಯಾಲಿಫೋರ್ನಿಯಾದ ಕೆಲವು ಸಣ್ಣ ಊರುಗಳಲ್ಲಿ ಅದನ್ನು ತೋರಿಸಿ ಜನರ ಪ್ರತಿಕ್ರಿಯೆಯನ್ನು ಪರೀಕ್ಷಿಸಿದರು. ಚಿತ್ರ ಉದ್ದವಾಯಿತೆಂದು ಕೆಲವು ಭಾಗಗಳನ್ನು ಕತ್ತರಿಸಿದರು. ಮಾಟಗಾತಿಯ ಕೆಲವು ದೃಶ್ಯಗಳು ತೀರ ಭಯಂಕರವಾದವೆಂದು ಅವುಗಳಿಗೂ ಕತ್ತರಿ ಬಿದ್ದಿತು. ಆ ಕಾಮನಬಿಲ್ಲಿನ ಹಾಡಿಗೂ ಕತ್ತರಿ ಬೀಳುವುದರಲ್ಲಿತ್ತು. ಕಥೆಯ ಓಟಕ್ಕೆ ಅದು ಅಡ್ಡಿ, ಹುಡುಗಿಯೊಬ್ಬಳು ದನದ ಕೊಟ್ಟಿಗೆಯ ಬಳಿ ನಿಂತು ಹಾಡುವುದು ಚೆನ್ನಾಗಿ ಕಾಣದು ಎಂದು ಸಂಸ್ಥೆಯ ಕೆಲವು ಅಧಿಕಾರಿಗಳು ಹಟ ಹಿಡಿದರು. ನಿರ್ಮಾಪಕ ಮರ್ವಿನ್ ಲೆರಾಯ್, ಅವನ ಸಹಾಯಕ ಆರ್ಥರ್ ಫ್ರೀಡ್ ಇವರು ವಾದಿಸಿ ಉಳಿಸಿಕೊಂಡರು. ಮುಂದಿನ ವರ್ಷ ಅದೇ ಹಾಡಿಗೆ ಆಸ್ಕರ್ ಪ್ರಶಸ್ತಿ ಬಂದಿತು. ಮೊದಲ ನೋಟದ ಅಭಿಪ್ರಾಯಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದಕ್ಕೆ ಇದೊಂದು ಪಾಠ.

1939ರ ಆಗಸ್ಟ್ ತಿಂಗಳಲ್ಲಿ ಚಿತ್ರ ಬಿಡುಗಡೆಯಾಯಿತು. ‘ನ್ಯೂಯಾರ್ಕ್ ಟೈಮ್ಸ್’ನ ಫ್ರಾಂಕ್ ನ್ಯೂಜೆಂಟ್, ಸ್ನೋ ವೈಟ್ ನಂತರ ಇಂಥ ಅದ್ಭುತ ಪ್ರಯತ್ನ ಇಷ್ಟು ಯಶಸ್ವಿಯಾದುದಿಲ್ಲವೆಂದು ಹೊಗಳಿದ. ‘ದಿ ನ್ಯೂಯಾರ್ಕರ್’ ಪತ್ರಿಕೆಯ ರಸೆಲ್ ಮಲೋನಿ, ಇದರಲ್ಲಿ ಕಲ್ಪನೆಯೂ ಇಲ್ಲ, ಅಭಿರುಚಿಯೂ ಇಲ್ಲ ಎಂದು ತೆಗೆದುಹಾಕಿದ. ಇವರಿಬ್ಬರೂ ನೋಡಿದುದು ಒಂದೇ ಚಿತ್ರ! ಹಣದ ಲೆಕ್ಕವೂ ಹೀಗೆಯೇ ಎರಡು ಬಗೆಯಾಗಿತ್ತು. ಚಿತ್ರಕ್ಕೆ ಖರ್ಚಾದುದು ಸುಮಾರು 27 ಲಕ್ಷ ಡಾಲರು. ಮೊದಲ ಬಿಡುಗಡೆಯಲ್ಲಿ ಬಂದುದು ಸುಮಾರು 30 ಲಕ್ಷ. ಜನ ಬಂದರು, ಮೆಚ್ಚಿದರು. ಆದರೂ ಹಂಚಿಕೆ, ಪ್ರಚಾರಗಳ ವೆಚ್ಚವನ್ನು ಕಳೆದಾಗ ಸಂಸ್ಥೆಗೆ ನಷ್ಟವೇ ಆಯಿತು. 1949ರಲ್ಲಿ ಮತ್ತೆ ತೆರೆಗೆ ತಂದ ಮೇಲೆಯೇ ಅದು ಲಾಭದ ಮುಖ ಕಂಡದ್ದು.

ದೊಡ್ಡವರ ಅಭಿಪ್ರಾಯ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ; ಮಕ್ಕಳ ಅಭಿಪ್ರಾಯ ರಾತ್ರಿ ಹಾಸಿಗೆಯಲ್ಲಿ ಪ್ರಕಟವಾಗುತ್ತದೆ. ಹಸಿರು ಮೋರೆ, ಮೊನಚು ಗಲ್ಲ, ಕರಿಯ ಟೋಪಿಯ ಆ ಮಾಟಗಾತಿಯನ್ನು ಕಂಡು ಬೆದರದ ಮಕ್ಕಳು ಕಡಿಮೆ. ಬ್ರಿಟನ್ನಿನ ಸೆನ್ಸಾರ್ ಮಂಡಲಿ, ಮಕ್ಕಳು ದೊಡ್ಡವರ ಜೊತೆಯಲ್ಲಿ ಮಾತ್ರ ನೋಡಬಹುದೆಂಬ ಅರ್ಥದ ‘ಎ’ ಪ್ರಮಾಣಪತ್ರವನ್ನು ಈ ಚಿತ್ರಕ್ಕೆ ಕೊಟ್ಟಿತು. ಎದೆನೋವನ್ನೂ ದುಃಸ್ವಪ್ನವನ್ನೂ ಹೊರಗಿಡಲು ಹೊರಟ ಲೇಖಕನ ಕಥೆಗೆ ಬಂದ ಗತಿ ಇದು! ಆ ಪಾತ್ರ ವಹಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ನಟಿಯಾಗುವ ಮೊದಲು ಶಿಶುವಿಹಾರದ ಉಪಾಧ್ಯಾಯಿನಿಯಾಗಿದ್ದವರು, ಮಕ್ಕಳೆಂದರೆ ಪ್ರೀತಿಯುಳ್ಳವರು. 1975ರಲ್ಲಿ ಅವರು ಫ್ರೆಡ್ ರಾಜರ್ಸ್ ಎಂಬವರು ನಡೆಸುತ್ತಿದ್ದ ಮಕ್ಕಳ ದೂರದರ್ಶನ ಕಾರ್ಯಕ್ರಮಕ್ಕೆ ಬಂದು, ಮಾಟಗಾತಿಯ ಉಡುಪನ್ನು ಮಕ್ಕಳ ಕಣ್ಣೆದುರಿಗೇ ತೊಟ್ಟು ತೋರಿಸಿ, ಇದು ವೇಷ ಮಾತ್ರ ಎಂದು ವಿವರಿಸಿದರು. ಆದರೂ 1976ರಲ್ಲಿ ‘ಸೆಸಮಿ ಸ್ಟ್ರೀಟ್’ ಎಂಬ ಇನ್ನೊಂದು ಮಕ್ಕಳ ಕಾರ್ಯಕ್ರಮದ ಕಂತೊಂದರಲ್ಲಿ ಅದೇ ವೇಷದಲ್ಲಿ ಕಾಣಿಸಿಕೊಂಡಾಗ, ಮಕ್ಕಳು ಹೆದರಿದರೆಂದು ತಂದೆತಾಯಿಗಳಿಂದ ದೂರಿನ ಪತ್ರಗಳು ಬಂದವು. ಆ ಕಂತನ್ನು ಅಲ್ಲಿ ಮರುಪ್ರಸಾರ ಮಾಡಲಿಲ್ಲ. ವೇಷವೆಂದು ತಿಳಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ನಾಟಕವೆಂದು ಗೊತ್ತಿದ್ದೂ ಬಯಲಾಟದ ರಾಕ್ಷಸನ ಆರ್ಭಟಕ್ಕೆ ನಮ್ಮ ಮಕ್ಕಳು ಅಮ್ಮನ ಸೆರಗು ಹಿಡಿಯುವುದಿಲ್ಲವೆ?

ಈ ಚಿತ್ರದ ಭಾಗ್ಯವನ್ನು ನಿಜವಾಗಿ ಬದಲಾಯಿಸಿದುದು ದೂರದರ್ಶನ. 1956ರ ನವೆಂಬರ್ 3ರಂದು ಅಮೆರಿಕದಲ್ಲಿ ಅದು ಮೊದಲ ಬಾರಿ ಪ್ರಸಾರವಾಯಿತು; ಸುಮಾರು ನಾಲ್ಕೂವರೆ ಕೋಟಿ ಜನ ನೋಡಿದರೆಂದು ಅಂದಾಜು. 1959ರಿಂದ ಮುಂದೆ ಹೆಚ್ಚುಕಡಮೆ ವರ್ಷಕ್ಕೊಮ್ಮೆ ಅದನ್ನು ತೋರಿಸುವುದು ಹಬ್ಬದಂತೆ ವಾಡಿಕೆಯಾಯಿತು. ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದಿದೆ. ಚಿತ್ರದಲ್ಲಿ ಕ್ಯಾನ್ಸಸ್ ಮಾಸಲು ಕಂದುಬಣ್ಣದಲ್ಲಿದೆ. ಡೊರೊತಿ ಬಾಗಿಲು ತೆರೆದಾಗ ಓಜ್ ನಾಡು ಬಣ್ಣಬಣ್ಣವಾಗಿ ತೆರೆದುಕೊಳ್ಳುತ್ತದೆ. ಕಾದಂಬರಿಯಲ್ಲಿ ಬಾಮ್ ಮತ್ತೆ ಮತ್ತೆ ಹೇಳಿದ ಬೂದಿಬಣ್ಣಕ್ಕೆ ಚಿತ್ರದವರು ಕೊಟ್ಟ ದೃಶ್ಯರೂಪ ಇದು. ಮೂಲವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಭಾಗ ಚಿತ್ರದಲ್ಲಿ ಇನ್ನೊಂದಿಲ್ಲ. ಆದರೆ ಆ ಕಾಲದ ಮನೆಗಳಲ್ಲಿ ಇದ್ದ ಪೆಟ್ಟಿಗೆಗಳು ಬಹುಮಟ್ಟಿಗೆ ಕಪ್ಪುಬಿಳುಪಿನವು. ಅವುಗಳ ಮುಂದೆ ಕುಳಿತ ಮಕ್ಕಳಿಗೆ ಬಾಗಿಲು ತೆರೆದ ಮೇಲೂ ಲೋಕ ಬೂದಿಬಣ್ಣವಾಗಿಯೇ ಉಳಿಯಿತು. ಆದರೂ ಅವರು ಓಜ್ ನಾಡನ್ನು ನಂಬಿದರು, ಪ್ರೀತಿಸಿದರು. ಬಣ್ಣವನ್ನು ಅವರ ಕಲ್ಪನೆಯೇ ತುಂಬಿಕೊಂಡಿರಬೇಕು.

ದೂರದರ್ಶನದಿಂದ ಹೊಸ ಬಗೆಯ ಪ್ರೇಕ್ಷಕವರ್ಗವೊಂದು ಹುಟ್ಟಿಕೊಂಡಿತು. ಅಲ್ಲಿಯವರೆಗೆ ಪ್ರೇಕ್ಷಕರು ಎರಡು ಬಗೆ: ಕಾದಂಬರಿಯನ್ನು ಓದಿ ಬಂದವರು, ಓದದೆ ಬಂದವರು. ಈಗ ಮೂರನೆಯವರು ಸೇರಿದರು: ಮೊದಲು ಚಿತ್ರ ನೋಡಿ, ಆಮೇಲೆ ಕಾದಂಬರಿ ಓದಿದವರು. ಇವರಿಗೆ ಕಾದಂಬರಿಯೇ ತಪ್ಪಿದಂತೆ ಕಾಣುತ್ತದೆ! ಪಾದರಕ್ಷೆ ಕೆಂಪಾಗಿರಬೇಕಿತ್ತಲ್ಲ, ಬೆಳ್ಳಿಯದೇಕೆ? ಹಾಡು ಎಲ್ಲಿ? ಇದು ಬರಿಯ ಊಹೆಯಲ್ಲ. ಬಾಮ್‌ನ ಮುಂದಿನ ಎರಡು ಓಜ್ ಕಾದಂಬರಿಗಳನ್ನು ಆಧರಿಸಿ ಡಿಸ್ನಿ ಸಂಸ್ಥೆ 1985ರಲ್ಲಿ ‘ರಿಟರ್ನ್ ಟು ಓಜ್’ ಎಂಬ ಚಿತ್ರವನ್ನು ಹೊರತಂದಿತು. ನಿರ್ದೇಶಕ ವಾಲ್ಟರ್ ಮರ್ಚ್. ಆ ವೇಳೆಗೆ ಮೂಲ ಕಾದಂಬರಿ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತಾಗಿತ್ತು. ಬೆಳ್ಳಿಯ ಪಾದರಕ್ಷೆಗೆ ಹಣ ಕೊಡಬೇಕಾದ್ದಿರಲಿಲ್ಲ. ಹಾಗಿದ್ದೂ ಡಿಸ್ನಿಯವರು ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಗೆ ಹಣ ತೆತ್ತು ಮಾಣಿಕ್ಯದ ಪಾದರಕ್ಷೆಯನ್ನೇ ಬಳಸಿದರು. ಜನರ ಮನಸ್ಸಿನಲ್ಲಿ ಬೇರೂರಿದ್ದುದು ಅದು.

ಆ ಎರಡನೆಯ ಚಿತ್ರ ಗಳಿಕೆಯಲ್ಲಿ ಸೋತಿತು. ಹಾಡು ನಗೆಗಳ ಓಜ್ ನಾಡನ್ನು ನಿರೀಕ್ಷಿಸಿ ಬಂದವರಿಗೆ ಅದು ಕತ್ತಲೆಯ, ಭಯಾನಕವಾದ ಚಿತ್ರವೆನ್ನಿಸಿತು. ಆದರೆ ಬಾಮ್‌ನ ಪುಸ್ತಕಗಳನ್ನು ಬಲ್ಲವರಲ್ಲಿ ಹಲವರು, ಇದೇ ಮೂಲಕ್ಕೆ ಹೆಚ್ಚು ಹತ್ತಿರವೆಂದು ಮೆಚ್ಚಿಕೊಂಡರು. ಒಬ್ಬರು ‘ಓಜ್‌ನಂತಿಲ್ಲ’ ಎಂದಾಗ ಅವರ ಮನಸ್ಸಿನಲ್ಲಿದ್ದ ಓಜ್ 1939ರದು; ಇನ್ನೊಬ್ಬರು ‘ಓಜ್‌ನಂತೆಯೇ ಇದೆ’ ಎಂದಾಗ ಅವರ ಮನಸ್ಸಿನಲ್ಲಿದ್ದುದು ಕಾದಂಬರಿಯದು. ಆದುದರಿಂದ ‘ಮೂಲದಂತಿಲ್ಲ’ ಎಂಬ ಮಾತನ್ನು ಕೇಳಿದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಮೂಲ ಯಾವುದು? ಮೂಲವೆಂದರೆ ಕಾಲದಲ್ಲಿ ಮೊದಲನೆಯದೇ ಆಗಬೇಕಾಗಿಲ್ಲ. ನಮ್ಮ ಎಳೆಯ ಮನಸ್ಸಿಗೆ ಮೊದಲು ತಾಕಿದ್ದು ಮೂಲವಾಗಿ ನಿಂತುಬಿಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇತಿಹಾಸ. ಇನ್ನು ವಿಚಾರ. ಮೂಲವನ್ನು ಬದಲಾಯಿಸುವ ಅಧಿಕಾರ ಎರಡನೆಯ ಕೃತಿಕಾರನಿಗೆ ಇದೆಯೆ? ಬಹುಕಾಲ ತರಗತಿಗಳಲ್ಲಿ ಕಾವ್ಯಮೀಮಾಂಸೆಯನ್ನು ಪಾಠಹೇಳಿದ ನನಗೆ ಈ ಪ್ರಶ್ನೆ ಬಂದಾಗ ಆನಂದವರ್ಧನನ ನೆನಪಾಗದೆ ಇರದು. ಹಿಂದಿನಿಂದ ಬಂದ ಕಥೆಯಲ್ಲಿ ರಸಕ್ಕೆ ಪ್ರತಿಕೂಲವಾದುದೇನಾದರೂ ಇದ್ದರೆ ಕವಿ ಅದನ್ನು ಬಿಟ್ಟು, ರಸಕ್ಕೆ ಅನುಗುಣವಾದುದನ್ನು ಕಲ್ಪಿಸಿಕೊಳ್ಳಬಹುದು; ನಡೆದುದನ್ನು ನಡೆದಂತೆ ಒಪ್ಪಿಸುವುದಷ್ಟೇ ಕವಿಯ ಕೆಲಸವಲ್ಲ ಎಂಬುದು ‘ಧ್ವನ್ಯಾಲೋಕ’ದ ನಿಲುವು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ದೂರ್ವಾಸರ ಶಾಪವಿಲ್ಲ. ಅದು ಕಾಳಿದಾಸ ತಂದುದು. ನಮ್ಮ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿಕೊಂಡ. ಪಂಪನ ಆ ಮಾರ್ಪಾಡು ಕಾವ್ಯದ ಉದ್ದಕ್ಕೂ ಹೊಂದಿಕೊಂಡಿತೆ ಎಂದು ನಮ್ಮ ವಿದ್ವಾಂಸರು ಚರ್ಚಿಸಿದ್ದಾರೆ. ಬದಲಾಯಿಸಲೇಬಾರದಿತ್ತೆಂಬುದು ಅವರ ಪ್ರಶ್ನೆಯಲ್ಲ. ಈ ಒರೆಗಲ್ಲಿಗೆ ಹಚ್ಚಿದರೆ ಕೆಂಪು ಪಾದರಕ್ಷೆಗೂ ಕಾಮನಬಿಲ್ಲಿನ ಹಾಡಿಗೂ ಆಕ್ಷೇಪಣೆ ಇರಲಾರದು. ಪಾದರಕ್ಷೆಯ ಬಣ್ಣ ಬದಲಾಯಿತೆಂದು ಅಳುವವನು ಓದುಗನಲ್ಲ, ಲೆಕ್ಕಪರಿಶೋಧಕ.

ಕನಸಿನ ವಿಷಯ ಹಾಗಲ್ಲ. ಕಾದಂಬರಿಯ ಮುಗಿತಾಯವನ್ನು ನೋಡಿ. ಡೊರೊತಿ ಕ್ಯಾನ್ಸಸ್‌ನ ಹುಲ್ಲುಗಾವಲಿನಲ್ಲಿ ಬಂದಿಳಿಯುತ್ತಾಳೆ. ಅವಳ ಎದುರಿಗೆ ಕಾಣುವುದು ಹೊಸ ಮನೆ. ಹಳೆಯದನ್ನು ಸುಂಟರಗಾಳಿ ಒಯ್ದಿತೆಂದು ಹೆನ್ರಿ ಮಾವ ಕಟ್ಟಿಸಿದ್ದು. ಬೆಳ್ಳಿಯ ಪಾದರಕ್ಷೆಗಳು ದಾರಿಯಲ್ಲಿ ಮರುಭೂಮಿಯಲ್ಲಿ ಕಳಚಿ ಬಿದ್ದುಹೋಗಿವೆ. ಅವಳ ಕಾಲಲ್ಲಿ ಕಾಲುಚೀಲ ಮಾತ್ರ. ಎಲೆಕೋಸಿನ ಮಡಿಗೆ ನೀರು ಹಾಕಲು ಹೊರಬಂದ ಎಮ್ ಅತ್ತೆ ಓಡಿಬಂದು ಅಪ್ಪಿಕೊಂಡು, ಎಲ್ಲಿಂದ ಬಂದೆ ಮಗು ಎಂದು ಕೇಳುತ್ತಾಳೆ; ಡೊರೊತಿ, ಓಜ್ ನಾಡಿನಿಂದ ಎಂದು ಗಂಭೀರವಾಗಿ ಉತ್ತರ ಕೊಡುತ್ತಾಳೆ. ಅಷ್ಟೇ. ಹೊಸದಾಗಿ ಎದ್ದುನಿಂತ ಆ ಮನೆಯೇ ಅವಳ ಮಾತಿಗೆ ಸಾಕ್ಷಿ. ಚಿತ್ರದಲ್ಲಾದರೋ ಹಳೆಯ ಮನೆ ಹಾಗೆಯೇ ಇದೆ, ಅವಳು ಹಾಸಿಗೆಯಲ್ಲಿ ಮಲಗಿದ್ದಾಳೆ. ಸುತ್ತಲೂ ದೊಡ್ಡವರು. ತಾನು ಹೋಗಿದ್ದ ನಾಡು ನಿಜವಾದುದೆಂದು ಅವಳು ಹೇಳುತ್ತಾಳೆ. ಅವರು ಪ್ರೀತಿಯಿಂದಲೇ ನಗುತ್ತಾರೆ. ಯಾರೂ ನಂಬುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕಾದಂಬರಿಯಲ್ಲಿ ಪಚ್ಚೆಯ ನಗರಕ್ಕೆ ಹೋಗುವವರೆಲ್ಲರೂ ಹೆಬ್ಬಾಗಿಲಿನಲ್ಲಿ ಹಸಿರು ಗಾಜಿನ ಕನ್ನಡಕ ಹಾಕಿಕೊಳ್ಳಬೇಕು. ಅದಕ್ಕೆ ಬೀಗವೂ ಉಂಟು. ನಗರ ಅಷ್ಟು ಹಸಿರಾಗಿ ಕಾಣುವುದು ಆ ಕನ್ನಡಕದಿಂದ. ಎಂದರೆ, ಕಾದಂಬರಿಯಲ್ಲಿ ನಾಡು ಸತ್ಯ, ನಗರದ ಹಸಿರು ಕಪಟ. ಚಿತ್ರದಲ್ಲಿ ಕನ್ನಡಕವಿಲ್ಲ, ನಗರ ನಿಜವಾಗಿಯೇ ಹಸಿರು, ಆದರೆ ನಾಡು ಪೂರ್ತಿ ಕನಸು. ಅಧಿಕಾರದಲ್ಲಿರುವವರ ಸೋಗನ್ನು ನಂಬಬೇಡಿ, ಲೋಕದ ವಿಸ್ಮಯವನ್ನು ನಂಬಿರಿ ಎಂದು ಕಾದಂಬರಿ ಮಕ್ಕಳಿಗೆ ಹೇಳಿತು. ಚಿತ್ರ ವಿಸ್ಮಯವನ್ನೇ ಸಂಶಯಕ್ಕೆ ಒಳಪಡಿಸಿತು.

ಚಿತ್ರದವರು ಹೀಗೇಕೆ ಮಾಡಿದರು? ಅವರಿಗೆ ಪ್ರೇಕ್ಷಕನನ್ನು ಕುರಿತು ಇದ್ದ ಅಂಜಿಕೆ ಇದಕ್ಕೆ ಕಾರಣ. ವಯಸ್ಕ ಪ್ರೇಕ್ಷಕರು ಮಾತಾಡುವ ಬೆದರುಬೊಂಬೆಯನ್ನು ನೇರವಾಗಿ ಒಪ್ಪಲಾರರು. ಮೊದಲು ಅವನನ್ನು ಕ್ಯಾನ್ಸಸ್‌ನ ಆಳುಮಗನಾಗಿ ತೋರಿಸಿದರೆ ಒಪ್ಪಿಯಾರು ಎಂಬ ಲೆಕ್ಕಾಚಾರ ಚಿತ್ರಕಥೆಯಲ್ಲಿ ಕೆಲಸಮಾಡಿದೆ. ಈ ಅಂಜಿಕೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಅಭಿನವಗುಪ್ತನು ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳಿದ್ದು ಇದನ್ನೇ: ಕಣ್ಣೆದುರಿನದು ಸಂಭವಿಸಬಲ್ಲದೆಂಬ ನಂಬಿಕೆ ಪ್ರೇಕ್ಷಕನಲ್ಲಿ ಹುಟ್ಟದೆ ಹೋಗುವುದು. ನಂಬದವನ ಮನಸ್ಸು ಅಲ್ಲಿ ನೆಲೆನಿಲ್ಲದು. ಅದಕ್ಕೆ ಅವನು ಸೂಚಿಸಿದ ಪರಿಹಾರವಾದರೋ ಬೇರೆ. ಲೋಕೋತ್ತರವಾದ ಕಾರ್ಯಗಳನ್ನು ತೋರಿಸಬೇಕಾದಾಗ ರಾಮನಂಥ ಪ್ರಸಿದ್ಧ ನಾಯಕರನ್ನು ಆರಿಸಿಕೊಳ್ಳಬೇಕು. ಬಹುಕಾಲದ ಪ್ರಸಿದ್ಧಿಯಿಂದ ಬೇರೂರಿದ ನಂಬಿಕೆ ಪ್ರೇಕ್ಷಕನನ್ನು ಕೈಹಿಡಿದು ನಡೆಸುತ್ತದೆ. ರಾಮನು ಸಮುದ್ರಕ್ಕೆ ಸೇತುವೆ ಕಟ್ಟಿದ್ದನ್ನು ಕನಸೆಂದು ಸಮಾಧಾನ ಹೇಳುವ ಪ್ರಮೇಯ ನಮ್ಮಲ್ಲಿ ಬರಲಿಲ್ಲ.

ಓಜ್ ಕಾದಂಬರಿಯ ಓದುಗರಿಗೆ ಅಂಥ ನಂಬಿಕೆ ಆಗಲೇ ಇತ್ತು. ಮೂವತ್ತೊಂಬತ್ತು ವರ್ಷಗಳಿಂದ ಅವರ ಮನೆಗಳಲ್ಲಿ ಆ ಪುಸ್ತಕವಿತ್ತು. ಅದರ ಮುಂದಿನ ಕಥೆಗಳಲ್ಲಿ ಡೊರೊತಿ ಮತ್ತೆ ಮತ್ತೆ ಓಜ್ ನಾಡಿಗೆ ಹೋಗುತ್ತಾಳೆ. 1910ರ ಕಾದಂಬರಿಯಲ್ಲಂತೂ ಸಾಲಕ್ಕೆ ಸಿಕ್ಕಿದ ಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಅಲ್ಲಿಯೇ ನೆಲೆಸುತ್ತಾಳೆ. ಇಂಥ ಓದುಗನು ಚಿತ್ರ ನೋಡಿ ಬಂದು ‘ಪುಸ್ತಕದಲ್ಲಿದ್ದಂತಿಲ್ಲ’ ಎಂದರೆ, ಅದು ಪಾದರಕ್ಷೆಯ ಬಣ್ಣದ ದೂರಲ್ಲ. ‘ನಾನು ನಂಬಿದ್ದನ್ನು ನೀವು ನಂಬಲಿಲ್ಲ’ ಎಂಬ ನೋವು ಅದು. ಮೇಲೆ ಹೇಳಿದ 1985ರ ಚಿತ್ರದ ಆರಂಭವೇ ಈ ನೋವಿಗೆ ರೂಪಕದಂತಿದೆ. ಓಜ್ ನಾಡಿನ ಮಾತನ್ನು ಬಿಡದ ಡೊರೊತಿಯನ್ನು ಎಮ್ ಅತ್ತೆ ವಿದ್ಯುತ್ ಚಿಕಿತ್ಸೆ ಮಾಡುವ ವೈದ್ಯನೊಬ್ಬನಲ್ಲಿಗೆ ಕರೆದೊಯ್ಯುತ್ತಾಳೆ. ಮಗುವಿನ ಮಾತನ್ನು ನಗೆಯಾಡಿ ಕಳೆದ ದೊಡ್ಡವರು ಮುಂದೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ಆ ದೃಶ್ಯ ತೋರಿಸುತ್ತದೆ.

ಕಾದಂಬರಿಯನ್ನು ಓದದೆ ನೋಡಿದವರ ಅಭಿಪ್ರಾಯವನ್ನೂ ಕೇಳಬೇಕು. ಅವರಲ್ಲಿ ನಮ್ಮ ದೇಶದವನೇ ಆದ ಒಬ್ಬ ಬಾಲಕನಿದ್ದಾನೆ. ಮುಂಬಯಿಯಲ್ಲಿ ಬೆಳೆದ ಸಲ್ಮಾನ್ ರಶ್ದಿ ಚಿಕ್ಕಂದಿನಲ್ಲಿ ಈ ಚಿತ್ರವನ್ನು ನೋಡಿ, ಹತ್ತನೆಯ ವಯಸ್ಸಿನಲ್ಲಿ ಕಾಮನಬಿಲ್ಲಿನ ಹಾಡಿನ ಹೆಸರನ್ನೇ ಇಟ್ಟು ತನ್ನ ಮೊದಲ ಕಥೆ ಬರೆದರು. 1992ರಲ್ಲಿ ಈ ಚಿತ್ರವನ್ನು ಕುರಿತು ಅವರು ಬರೆದ ಪುಟ್ಟ ಪುಸ್ತಕದಲ್ಲಿ, ತಮ್ಮನ್ನು ಬರಹಗಾರನನ್ನಾಗಿ ಮಾಡಿದ್ದು ಇದು ಎಂಬ ಕೃತಜ್ಞತೆಯಿದೆ. ಅದರ ಜೊತೆಯಲ್ಲಿಯೇ, ಮನೆಗಿಂತ ಮಿಗಿಲಾದ ಸ್ಥಳವಿಲ್ಲವೆಂಬ ಚಿತ್ರದ ಕೊನೆಯ ಬೋಧೆಯನ್ನು ಒಪ್ಪದ ಜಗಳವೂ ಇದೆ. ದೂರದ ನಾಡಿಗೆ ಹಂಬಲಿಸಿ ಹಾಡಿದ ಹುಡುಗಿಯ ಬಾಯಲ್ಲಿ ಕೊನೆಗೆ ಆ ಹಂಬಲವನ್ನೇ ತಳ್ಳಿಹಾಕಿಸಿದ್ದು ಸರಿಯೆ ಎಂಬುದು ಅವರ ವಾದದ ತಿರುಳು. ಪುಸ್ತಕವನ್ನು ಓದಿದವರು ಕನಸಿನ ಬಗ್ಗೆ ಪಟ್ಟ ಅಸಮಾಧಾನ, ಪುಸ್ತಕವಿಲ್ಲದೆ ಬಂದ ಈ ಪ್ರೇಕ್ಷಕನಲ್ಲಿಯೂ ಬೇರೆ ದಾರಿಯಿಂದ ಹುಟ್ಟಿದೆ. ಹಾಗಾದರೆ ದೋಷವಿರುವುದು ಕೇವಲ ಮೂಲವನ್ನು ಬಿಟ್ಟದ್ದರಲ್ಲಿ ಅಲ್ಲ. ಚಿತ್ರ ತಾನೇ ಹುಟ್ಟಿಸಿದ ಭಾವಕ್ಕೆ ತಾನೇ ದ್ರೋಹ ಬಗೆದುದರಲ್ಲಿ. ಕಾದಂಬರಿಯ ಡೊರೊತಿಯೂ ಮನೆಗೆ ಮರಳಲು ಬಯಸುತ್ತಾಳೆ, ನಿಜ; ಆದರೆ ಅವಳು ಮನೆ ಬಿಡಲು ಎಂದೂ ಬಯಸಿರಲಿಲ್ಲವಾದ್ದರಿಂದ ಅಲ್ಲಿ ವಿರೋಧವಿಲ್ಲ. ಹಾಡನ್ನು ಕೊಟ್ಟ ಮೇಲೆ ಮುಗಿತಾಯವನ್ನೂ ಅದಕ್ಕೆ ತಕ್ಕಂತೆ ಕೊಡಬೇಕಾಗಿತ್ತು. ಔಚಿತ್ಯವೆಂದು ನಮ್ಮವರು ಕರೆದದ್ದು ಇದನ್ನೇ.

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಚಿತ್ರದ ಕೊನೆಯ ಕೆಲವು ನಿಮಿಷಗಳು ಕನಸೆಂದು ಸಾರಿದರೂ, ಅದಕ್ಕೆ ಮೊದಲಿನ ಒಂದೂವರೆ ಗಂಟೆಯ ಕಾಲ ಕಣ್ಣು ಕಿವಿಗಳು ಕಂಡುಕೇಳಿದುದನ್ನು ಅಳಿಸಲು ಅವುಗಳಿಂದಾಗಲಿಲ್ಲ. ಈ ಚಿತ್ರವನ್ನು ನೆನೆಯುವವರು ಹಳದಿ ಇಟ್ಟಿಗೆಯ ರಸ್ತೆಯನ್ನು ನೆನೆಯುತ್ತಾರೆ, ಹಾಡನ್ನು ನೆನೆಯುತ್ತಾರೆ, ಹಸಿರು ಮೋರೆಯವಳನ್ನು ನೆನೆದು ಈಗಲೂ ಮೈ ಜುಮ್ಮೆನ್ನಿಸಿಕೊಳ್ಳುತ್ತಾರೆ. ಆ ಹಾಸಿಗೆಯನ್ನು ನೆನೆಯುವವರು ವಿರಳ. ಚಿತ್ರಕಾರರು ಪ್ರೇಕ್ಷಕನನ್ನು ನಂಬದೆ ಹೋದರು. ಪ್ರೇಕ್ಷಕ ಮಾತ್ರ ಅವರ ಚಿತ್ರವನ್ನು ಅವರಿಗಿಂತ ಹೆಚ್ಚಾಗಿ ನಂಬಿದ. 1989ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕಾಗಿ ಆರಿಸಿದ ಮೊದಲ ತಂಡದ ಚಿತ್ರಗಳಲ್ಲಿ ಇದೂ ಸೇರಿತು. 1995ರಲ್ಲಿ ಗ್ರೆಗರಿ ಮಗ್ವಾಯರ್ ಎಂಬ ಲೇಖಕ ಆ ಮಾಟಗಾತಿಯನ್ನೇ ನಾಯಕಿಯಾಗಿಸಿ ‘ವಿಕೆಡ್’ ಎಂಬ ಕಾದಂಬರಿ ಬರೆದ. ಅದು 2003ರಲ್ಲಿ ರಂಗವನ್ನೂ 2024ರಲ್ಲಿ ತೆರೆಯನ್ನೂ ಏರಿತು. ಅಲ್ಲಿಯೂ ಮತ್ತೆ ಅದೇ ಮಾತು: ಪುಸ್ತಕದಲ್ಲಿದ್ದಂತಿಲ್ಲ!

ಆ ಮಾತನ್ನು ಇನ್ನು ಮುಂದೆ ಕೇಳಿದಾಗ ಸ್ವಲ್ಪ ನಿಧಾನಿಸಿ ನೋಡೋಣ. ಹೇಳುವವರು ಬಣ್ಣ ಬದಲಾದುದಕ್ಕೆ ಸಿಟ್ಟಾಗಿದ್ದಾರೆಯೆ, ಭಾವ ಬದಲಾದುದಕ್ಕೆ ನೊಂದಿದ್ದಾರೆಯೆ? ಮೊದಲನೆಯದಾದರೆ ನಕ್ಕು ಸುಮ್ಮನಾಗಬಹುದು. ಎರಡನೆಯದಾದರೆ ಕುಳಿತು ಕೇಳಬೇಕು. ಮುಖ್ಯವಾಗಿ, ಆ ಮಾತನ್ನು ಆಡುವವರು ಮಕ್ಕಳಾದರೆ, ತಾವು ಕಂಡುಬಂದ ಲೋಕದ ವಿಚಾರವನ್ನು ಅವರು ಹೇಳಿ ಮುಗಿಸುವ ಮುನ್ನ, ‘ಅದೆಲ್ಲ ಬರಿಯ ಕಥೆ’ ಎಂದು ನಗಬಾರದು. ಬರಿಯ ಕಥೆ ಎಂಬುದು ಅವರಿಗೂ ಗೊತ್ತಿದೆ. ಗೊತ್ತಿದ್ದೂ ನಂಬಬಲ್ಲ ಶಕ್ತಿಯೊಂದು ಅವರಲ್ಲಿದೆ. ನಮ್ಮ ಆಲಂಕಾರಿಕರು ಸಹೃದಯತೆ ಎಂಬ ದೊಡ್ಡ ಹೆಸರಿನಿಂದ ಕರೆದುದು ಆ ಶಕ್ತಿಯನ್ನೇ.

(ಬಾನುಲಿ ಭಾಷಣ)